ಎಕ್ಸರೇಯಪ್ಪ ಬಾಯಿಗೆ ಬೀಗ ಹಾಕಿದ ವಾರ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನನ್ನು ಜನ ಎಕ್ಸರೇಯಪ್ಪ ಎಂದು ಕರೆದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವನೂ ಆ ಹೆಸರಿಗೆ ಓಗೊಡುವುದನ್ನು ಕಲಿತುಬಿಟ್ಟಿದ್ದ. ಒಳ್ಳೆಯ ಮನುಷ್ಯ. ಅವನಲ್ಲಿದ್ದದ್ದು ಒಂದೇ ಒಂದು ದೌರ್ಬಲ್ಯ: ಹೆದರಿದ ಮುಖವನ್ನು ಕಂಡರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

ಅವನ ಕೆಲಸ ಚಿತ್ರ ತೆಗೆಯುವುದು, ಅಷ್ಟೇ. ಆ ಚಿತ್ರವನ್ನು ನೋಡಿ ಏನಿದೆ, ಏನಿಲ್ಲ ಎಂದು ಬರೆಯುವವರು ಮಹಡಿಯ ಮೇಲಿನ ಡಾಕ್ಟರಮ್ಮ. ಅವರು ಬರೆದ ರಿಪೋರ್ಟು ಕಂದು ಬಣ್ಣದ ಲಕೋಟೆ ಸೇರಿ ಮೂರನೆಯ ದಿನ ಕಿಟಕಿಯಲ್ಲಿ ಸಿಗುತ್ತಿತ್ತು. ಆದರೆ ಮೂರು ದಿನ ಕಾಯುವ ಎದೆಗಾರಿಕೆ ಯಾರಿಗಿದೆ? ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಎಲ್ಲರೂ "ಏನಾದ್ರೂ ಇದೆಯಾ?" ಎಂದು ಕೇಳುವವರು. ಎಕ್ಸರೇಯಪ್ಪ ಚಿತ್ರದ ಕಡೆ ಅರೆಗಣ್ಣು ಹಾಯಿಸಿ, "ಏನೂ ಇಲ್ಲ! ಮನೆಗೆ ಹೋಗಿ, ಊಟ ಮಾಡಿ, ಹಾಯಾಗಿ ಮಲಗಿ" ಎನ್ನುವವನು. ಕಾಲು ಮುರಿದುಕೊಂಡು ಬಂದವನಿಗೂ "ಏನೂ ಇಲ್ಲ, ಎರಡು ತುಂಡಾಗಿದೆ ಅಷ್ಟೇ" ಎಂದು ಧೈರ್ಯ ಹೇಳಿದ ಪ್ರಾಣಿ ಅದು.

ಇಂಥವನ ಬಾಯಿಗೆ ಬೀಗ ಬಿದ್ದದ್ದು ಒಂದು ಭಾನುವಾರ, ಚರ್ಚಿನಲ್ಲಿ.

ಅಲ್ಲಿನ ಪಾಸ್ಟರ್ ಉದ್ದನೆಯ, ತೆಳ್ಳನೆಯ ಆಸಾಮಿ. ಕೂಗಾಡುವವರಲ್ಲ, ಜನರನ್ನು ಹೆದರಿಸಬೇಕೆಂದಾಗ ದನಿಯನ್ನು ತಗ್ಗಿಸುತ್ತಿದ್ದರು. ಅಂದು ಬಹಳವೇ ತಗ್ಗಿಸಿದರು.

"ನಾವು ಆಡಿದ ಒಂದೊಂದು ಮಾತಿಗೂ ಒಂದು ದಿನ ದೇವರ ಮುಂದೆ ನಿಂತು ಉತ್ತರ ಹೇಳಬೇಕು. ದೊಡ್ಡ ದೊಡ್ಡ ಸುಳ್ಳಿನ ವಿಷಯ ಬಿಡಿ. ಬಾಯಿಗೆ ಬಂತು ಅಂತ ಆಡಿದ್ದು, ಹೊತ್ತು ಹೋಗಲಿ ಅಂತ ಆಡಿದ್ದು, ಎದುರಿಗಿರೋರು ಖುಷಿಯಾಗಲಿ ಅಂತ ಆಡಿದ್ದು, ಎಲ್ಲಾ ಅಲ್ಲಿ ಓದ್ತಾರೆ. ಒಂದೂ ಬಿಡದೆ ಓದ್ತಾರೆ. ಆಗ ಏನು ಹೇಳ್ತೀರಿ?"

ಇಷ್ಟು ಹೇಳಿ ಅವರು ಬಲಗಡೆಯ ನಾಲ್ಕನೆಯ ಬೆಂಚನ್ನು ದಿಟ್ಟಿಸಿ ನೋಡಿದರು. ಆ ಬೆಂಚಿನಲ್ಲಿ ಎಕ್ಸರೇಯಪ್ಪ, ಅವನ ಹೆಂಡತಿ, ಅವನ ಅತ್ತೆ, ತುದಿಯಲ್ಲಿ ಪಾಸ್ಟರ ಮನೆ ನೋಡಿಕೊಳ್ಳುತ್ತಿದ್ದ ಅವರ ಅಕ್ಕ, ಹೀಗೆ ನಾಲ್ವರಿದ್ದರು. ಉಳಿದ ಮೂವರು ನೆಮ್ಮದಿಯಾಗಿದ್ದರು. ಎಕ್ಸರೇಯಪ್ಪನಿಗೆ ಮಾತ್ರ ಆ ನೋಟ ನೇರವಾಗಿ ತನ್ನ ಹುಬ್ಬುಗಳ ನಡುವೆ ಬಂದು ನಾಟಿದಂತಾಯಿತು.

ಅವನು ಕೂತಲ್ಲೇ ಲೆಕ್ಕ ಹಾಕತೊಡಗಿದ. ದಿನಕ್ಕೆ ನಲವತ್ತು ಜನ, ಇಪ್ಪತ್ತೆರಡು ವರ್ಷ, ತಲೆಗೊಂದು "ಏನೂ ಇಲ್ಲ". ಅದನ್ನೆಲ್ಲ ಓದಿ ಮುಗಿಸಲು ದೇವದೂತರಿಗೇ ಎಷ್ಟು ದಿನ ಬೇಕು? ಹಿಂದೆ ಸಾಲಿನಲ್ಲಿ ನಿಂತ ಲೋಕದ ಜನರೆಲ್ಲ "ಯಾರ್ರೀ ಅದು ಮುಂದೆ? ಬೇಗ ಮುಗಿಸ್ರೀ" ಎಂದು ಗೊಣಗುವುದು ಅವನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಅವನು ಕೂತೇ ಇದ್ದ. ಕೂತಲ್ಲೇ ತೀರ್ಮಾನಿಸಿದ: ಇನ್ನು ಮುಂದೆ ನಿಜವೆಂದು ತನಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳುವುದು, ಅದನ್ನೂ ಬೇಕಾದಷ್ಟೇ ಹೇಳುವುದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಎಂದಿನಂತೆ "ಹೇಗಿದೆ ರೀ?" ಎಂದಳು.

ಎಕ್ಸರೇಯಪ್ಪ ಬಾಯಿಯ ಹತ್ತಿರ ಹೋಗಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಯೋಚಿಸಿದ. ಚೆನ್ನಾಗಿದೆ ಎನ್ನಲು ಉಪ್ಪು ಅಡ್ಡ ಬಂತು. ಚೆನ್ನಾಗಿಲ್ಲ ಎನ್ನಲು ಜೀವಭಯ ಅಡ್ಡ ಬಂತು.

"ಬಿಸಿಯಾಗಿದೆ" ಎಂದ.

"ಬಿಸಿಯಾಗಿದೆ ಅಂದ್ರೆ?"

"ಬಿಸಿಯಾಗಿದೆ ಅಂದ್ರೆ, ಬಿಸಿಯಾಗಿದೆ."

ಹೆಂಡತಿಯ ಮುಖ ಊದಿಕೊಂಡಿತು. "ಅಮ್ಮಾ, ನೋಡು ನಿನ್ನ ಅಳಿಯಂದಿರನ್ನ!"

"ಸುಮ್ನಿರೇ" ಎಂದರು ಅತ್ತೆ. "ಈ ಮನೇಲಿ ನನಗೆ ನಾಲ್ಕು ಒಳ್ಳೆ ಮಾತು ಹೇಳೋರು ಅವರೊಬ್ಬರೇ. ಅಲ್ವೇನಪ್ಪ, ನಾನಿನ್ನೂ ಹತ್ತು ವರ್ಷ ಇರ್ತೀನಿ ತಾನೆ?"

ಈ ಪ್ರಶ್ನೆ ದಿನವೂ ಬರುತ್ತಿತ್ತು. "ಇಪ್ಪತ್ತು ಇರ್ತೀರಿ ಅತ್ತೆ" ಎಂಬ ಉತ್ತರವೂ ದಿನವೂ ಸಿಗುತ್ತಿತ್ತು. ಅಂದು ಎಕ್ಸರೇಯಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅದು ನನಗೆ ಗೊತ್ತಿಲ್ಲ ಅತ್ತೆ" ಎಂದ.

ಅತ್ತೆ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಸಂಜೆಯ ಹೊತ್ತಿಗೆ ಅವರು ತಮ್ಮ ಪೆಟ್ಟಿಗೆಯನ್ನು ನಡುಮನೆಗೆ ಎಳೆದು ತಂದು, ಯಾವ ಕಂಬಳಿ ಯಾರಿಗೆ ಎಂದು ಚೀಟಿ ಅಂಟಿಸುತ್ತಿದ್ದರು.

ಸೋಮವಾರ ಆಸ್ಪತ್ರೆಯಲ್ಲಿ ಮೊದಲು ಸಿಕ್ಕಿದವನು ಒಬ್ಬ ಬಸ್ ಡ್ರೈವರ್. ಗೂಳಿಯಂಥ ಆಳು, ಬೆನ್ನುನೋವು ಎಂದು ಬಂದಿದ್ದ. ಚಿತ್ರ ತೆಗೆದಾಯಿತು.

"ಏನಾದ್ರೂ ಇದೆಯಾ ಸಾರ್?"

"ಇದೆ."

"ಏನಿದೆ?"

"ಬೆನ್ನುಮೂಳೆ."

"ಅದು ಸರಿ ಸಾರ್. ಅದರಲ್ಲಿ ಏನಾದ್ರೂ..."

ಎಕ್ಸರೇಯಪ್ಪ ಚಿತ್ರವನ್ನು ನೋಡಿದ. ಡ್ರೈವರನ್ನು ನೋಡಿದ. ಹೇಳಬಹುದಾದ ಒಂದೊಂದು ಮಾತನ್ನೂ ಎತ್ತಿ ನೋಡಿ ಕೆಳಗಿಟ್ಟ. ಕಡೆಗೆ, "ಡಾಕ್ಟರಮ್ಮ ರಜೆ ಮೇಲಿದ್ದಾರೆ. ಗುರುವಾರ ಬರ್ತಾರೆ. ಅಲ್ಲಿವರೆಗೆ..." ಎಂದು ಆರಂಭಿಸಿ, ಅಲ್ಲಿಯವರೆಗೆ ಏನಾಗುತ್ತದೆ ಎಂಬುದು ತನಗೆ ಖಚಿತವಾಗಿ ಗೊತ್ತಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡ.

"ಅಲ್ಲಿವರೆಗೆ?" ಎಂದ ಡ್ರೈವರ್. ಅರವತ್ತು ಜನರನ್ನು ಹೊತ್ತು ಘಟ್ಟ ಹತ್ತಿಳಿಯುವ ಆ ಮನುಷ್ಯ ಗೋಡೆ ಹಿಡಿದುಕೊಂಡು ಹೊರಗೆ ಹೋದ. ಹೊರಗೆ ಕಾದಿದ್ದವರಲ್ಲಿ ನಾಲ್ವರು ಅವನ ಮುಖ ನೋಡಿಯೇ ಎದ್ದು ಮನೆಗೆ ಹೋದರು.

ಮಂಗಳವಾರ ಪಾಸ್ಟರೇ ಬಂದರು. ಮೂರು ವಾರದಿಂದ ಒಣಕೆಮ್ಮು. ಎದೆಯ ಎಕ್ಸ್‌ರೇ ತೆಗೆಸಿ ಎಂದು ಯಾರೋ ಹೇಳಿದ್ದರಂತೆ. ಎಕ್ಸರೇಯಪ್ಪನಿಗೆ ಯಂತ್ರದ ಮುಂದೆ ಸ್ವತಃ ಪರಲೋಕದ ತನಿಖಾಧಿಕಾರಿಯೇ ಅಂಗಿ ಬಿಚ್ಚಿ ನಿಂತಂತಾಯಿತು. ಪಾಸ್ಟರ್ ತಣ್ಣನೆಯ ಹಲಗೆಗೆ ಎದೆಯೊತ್ತಿ, ಗಲ್ಲ ಮೇಲೆತ್ತಿದರು.

"ಉಸಿರು ಎಳ್ಕೊಳ್ಳಿ ಅಯ್ಯನವರೆ. ಹಿಡ್ಕೊಳ್ಳಿ" ಎಂದ ಎಕ್ಸರೇಯಪ್ಪ. ಆಮೇಲೆ ಭಯದಲ್ಲಿ "ಬಿಡಿ" ಎನ್ನುವುದನ್ನೇ ಮರೆತ. ಪಾಸ್ಟರ್ ವಿಧೇಯರಾಗಿ ಹಿಡಿದೇ ನಿಂತರು. ಅವರ ಕಿವಿ ಕೆಂಪಾಗಿ, ನೀಲಿಯಾಗುವ ಹೊತ್ತಿಗೆ ಅವರೇ ಭುಸ್ಸೆಂದು ಬಿಟ್ಟು ಕೆಮ್ಮತೊಡಗಿದರು.

ಚಿತ್ರ ಪರದೆಯ ಮೇಲೆ ಮೂಡಿತು. ಪಕ್ಕೆಲುಬು, ಹೃದಯ, ಎರಡು ಕಡೆಯೂ ತಿಳಿಯಾದ ಶ್ವಾಸಕೋಶ. ಎಕ್ಸರೇಯಪ್ಪನ ಕಣ್ಣಿಗೆ ಕೆಟ್ಟದ್ದೇನೂ ಕಾಣಲಿಲ್ಲ. "ಏನೂ ಇಲ್ಲ" ಎಂಬುದು ಇಪ್ಪತ್ತೆರಡು ವರ್ಷದ ರೂಢಿಯಿಂದ ತಾನಾಗಿ ನಾಲಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು.

ನಾಲ್ಕು ವರ್ಷದ ಹಿಂದೆ ಅದೇ ಹಲಗೆಗೆ ಎದೆಯೊತ್ತಿ ಅಂಚೆಯಣ್ಣ ನಿಂತಿದ್ದ. ಊರಿಗೆಲ್ಲ ಪತ್ರ ಹಂಚುತ್ತಿದ್ದ ಅಂಚೆಯಣ್ಣ. ಎಕ್ಸರೇಯಪ್ಪ ಅರೆಗಣ್ಣಿನಲ್ಲಿ ನೋಡಿ "ಏನೂ ಇಲ್ಲ ಅಣ್ಣ" ಎಂದಿದ್ದ. ಅಂಚೆಯಣ್ಣ ಆ ಮಾತನ್ನು ನಂಬಿ ಲಕೋಟೆ ತೆಗೆದುಕೊಳ್ಳಲು ಬರಲೇ ಇಲ್ಲ. ಮೂರು ತಿಂಗಳ ಮೇಲೆ ಬಂದಾಗ ಅವನನ್ನು ಎತ್ತಿಕೊಂಡು ಬಂದಿದ್ದರು; ಅವನು ಉಳಿಯಲಿಲ್ಲ. ಲಕೋಟೆ ಅಷ್ಟು ದಿನವೂ ಕಿಟಕಿಯ ಹಿಂದಿನ ಬೀರುವಿನಲ್ಲಿತ್ತು. ಈ ವಿಷಯ ಎಕ್ಸರೇಯಪ್ಪನಿಗೂ ದೇವರಿಗೂ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ, ಅಥವಾ ಹಾಗೆಂದು ಎಕ್ಸರೇಯಪ್ಪ ತಿಳಿದಿದ್ದ.

"ಏನಾದ್ರೂ ಕಾಣ್ತಾ?" ಎಂದರು ಪಾಸ್ಟರ್, ಗುಂಡಿ ಹಾಕಿಕೊಳ್ಳುತ್ತ.

"ಕಾಣ್ತು."

ಪಾಸ್ಟರ ಕೈ ಮೂರನೆಯ ಗುಂಡಿಯಲ್ಲಿ ನಿಂತಿತು. "ಏನು ಕಾಣ್ತು?"

"ಅದನ್ನ ಡಾಕ್ಟರಮ್ಮ ಹೇಳ್ಬೇಕು ಅಯ್ಯನವರೆ."

"ಕೆಟ್ಟದ್ದಾ?"

ಅಲ್ಲ ಎನ್ನಲು ಅಂಚೆಯಣ್ಣ ಬಿಡಲಿಲ್ಲ. ಹೌದು ಎನ್ನಲು ಕಣ್ಣು ಬಿಡಲಿಲ್ಲ. ಎಕ್ಸರೇಯಪ್ಪನ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಯಾವ ತಕರಾರೂ ಬಾರದ ಒಂದು ಮಾತು ಬೇಕಾಗಿತ್ತು. ಹುಡುಕಿ ಹುಡುಕಿ ಕಡೆಗೆ ಒಂದನ್ನು ಹಿಡಿದ:

"ದೇವರು ದೊಡ್ಡವನು ಅಯ್ಯನವರೆ."

ಪಾಸ್ಟರ್ ಉಳಿದ ಗುಂಡಿಗಳನ್ನು ಹಾಕಿಕೊಳ್ಳದೆಯೇ ಹೊರಗೆ ಹೋದರು. ಅವರು ಆ ಮಾತನ್ನು ಎಷ್ಟೋ ಮಂಚಗಳ ಪಕ್ಕದಲ್ಲಿ ನಿಂತು ಬೇರೆಯವರಿಗೆ ಹೇಳಿದ್ದರು. ಅದನ್ನು ಯಾವಾಗ ಹೇಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನವೇ ಪಾಸ್ಟರ ಅಕ್ಕ ಎಕ್ಸರೇಯಪ್ಪನ ಹೆಂಡತಿಯ ಹತ್ತಿರ ಓಡಿ ಬಂದರು. "ತಮ್ಮ ಬಂದವನೇ ಬಾಗಿಲು ಹಾಕ್ಕೊಂಡು ಮಂಡಿಯೂರಿದ್ದಾನೆ ಕಣಮ್ಮ. ಊಟ ಬೇಡ ಅಂದ. ನನ್ನನ್ನ ಬೈಯಲೂ ಇಲ್ಲ. ನನಗೆ ಕೈಕಾಲೇ ಆಡ್ತಿಲ್ಲ. ನಿನ್ನ ಗಂಡನ್ನ ಕೇಳಿ ನೋಡು."

ಎಕ್ಸರೇಯಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಹಿಡಿದುಕೊಂಡಳು. "ರೀ, ಪಾಸ್ಟರಿಗೆ ಏನಂತೆ?"

"ರೋಗಿಯ ವಿಷಯ ನಾನು ಹೇಳೋ ಹಾಗಿಲ್ಲ."

"ರೋಗಿ! ಅಮ್ಮಾ, ರೋಗಿ ಅಂದ್ಬಿಟ್ರು ಕಣಮ್ಮ!"

ಹೆಂಡತಿಯ ಬಾಯಿಂದ ಅದು ಚರ್ಚಿನ ಸಭೆಯ ಕಾರ್ಯದರ್ಶಿಯ ಕಿವಿಗೆ ಹೋಗಲು ಅರ್ಧ ಗಂಟೆ ಸಾಕಾಯಿತು. ಕಾರ್ಯದರ್ಶಿ ಗಡಿಯಾರ ರಿಪೇರಿ ಮಾಡುವವರು. ಎಲ್ಲದಕ್ಕೂ ಸರಿಯಾದ ಉತ್ತರ ಬೇಕೆನ್ನುವ ಮನುಷ್ಯ. ಒಂದು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯುವುದನ್ನೂ ಮರೆತು ಅಂಗಡಿಯಿಂದ ನೇರ ಬಂದುಬಿಟ್ಟರು. ಆ ದೊಡ್ಡ ಕಣ್ಣು ಎಕ್ಸರೇಯಪ್ಪನನ್ನೇ ನೋಡುತ್ತಿತ್ತು.

"ಸುತ್ತು ಬಳಸು ಬೇಡ. ಪಾಸ್ಟರಿಗೆ ದೊಡ್ಡ ಕಾಯಿಲೆ ಇದೆಯೋ, ಇಲ್ವೋ?"

"ಇದೆ ಅಂತ ನಾನು ಹೇಳಲಾರೆ ಸಾರ್."

"ಅಬ್ಬಾ, ದೇವರೇ!" ಎಂದು ಕಾರ್ಯದರ್ಶಿ ಎದೆ ಸವರಿಕೊಂಡರು.

"ಇಲ್ಲ ಅಂತಾನೂ ಹೇಳಲಾರೆ."

ಕಾರ್ಯದರ್ಶಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು ಕೆಮ್ಮಿದರು. ಅತ್ತೆ ಅವರಿಗೆ ಒಂದು ಲೋಟ ನೀರು ಕೊಟ್ಟರು.

ಬುಧವಾರ ಬೆಳಗಾಗುವಷ್ಟರಲ್ಲಿ ಇಡೀ ಸಭೆಗೆ ವಿಷಯ ಗೊತ್ತಾಗಿತ್ತು, ಮತ್ತು ಪಾಸ್ಟರಿಗೆ ಗೊತ್ತಾಗಬಾರದೆಂದು ಇಡೀ ಸಭೆ ತೀರ್ಮಾನಿಸಿತ್ತು. ಹೆಂಗಸರು ಗಂಟೆಗೊಬ್ಬರಂತೆ ಪ್ರಾರ್ಥನೆಗೆ ಸರದಿ ಹಾಕಿಕೊಂಡರು. ಗಾಯಕವೃಂದ ಚರ್ಚಿನ ಪಕ್ಕದ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಅಡಗಿಸಿದ ದನಿಯಲ್ಲಿ ಅಭ್ಯಾಸ ಮಾಡಿತು. ಗೋಡೆಯ ಆಚೆ ಪಾಸ್ಟರ ಮನೆ. ಅವರು ಅಭ್ಯಾಸ ಮಾಡುತ್ತಿದ್ದದ್ದು ಯಾವಾಗ ಹಾಡುವ ಹಾಡೆಂದು ಪಾಸ್ಟರಿಗೆ ಎರಡನೆಯ ಸಾಲಿಗೇ ತಿಳಿಯಿತು. ಹತ್ತು ಗಂಟೆಗೆ ಶವಪೆಟ್ಟಿಗೆ ಮಾಡುವ ಬಡಗಿ ಬಂದು, "ಬಾಗಿಲು ಸ್ವಲ್ಪ ಕಿರುಗುಟ್ತಿದೆ ಅಂತ ಕೇಳ್ದೆ ಅಯ್ಯನವರೆ" ಎಂದ. ಬಾಗಿಲಿನ ಕಡೆ ತಿರುಗಿಯೂ ನೋಡದೆ ಪಾಸ್ಟರನ್ನೇ ತಲೆಯಿಂದ ಕಾಲಿನವರೆಗೆ ಎರಡು ಸಲ ನೋಡಿ, "ಎತ್ತರ ಜಾಸ್ತಿನೇ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಟುಹೋದ.

ಪಾಸ್ಟರಿಗೆ ಇನ್ನು ಅನುಮಾನ ಉಳಿಯಲಿಲ್ಲ. ಇವರಿಗೆಲ್ಲ ಗೊತ್ತಿದೆ, ತನಗೆ ಹೇಳುತ್ತಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಬಿಳಿಚಿದ ಆ ಮುಖವನ್ನು ನೋಡಿ ಸಭೆಯವರಿಗೂ ಅನುಮಾನ ಉಳಿಯಲಿಲ್ಲ: ಪಾಪ, ಅವರಿಗೂ ಗೊತ್ತಾಗಿಬಿಟ್ಟಿದೆ.

ಎಕ್ಸರೇಯಪ್ಪ ಅಂದು ಕೆಲಸದಿಂದ ಬರುವಾಗ ದಾರಿಯುದ್ದಕ್ಕೂ ಜನ ಅವನಿಗೆ ಜಾಗ ಬಿಟ್ಟು ಸರಿದು ನಿಂತರು. ಅವನು ಯಾರನ್ನಾದರೂ ಒಂದು ಗಳಿಗೆ ಹೆಚ್ಚು ನೋಡಿದರೆ ಅವರು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಾನು ಒಂದೇ ಒಂದು ಸುಳ್ಳಾಡಿಲ್ಲ. ಒಂದೇ ಒಂದು ಹೆಚ್ಚಿನ ಮಾತಾಡಿಲ್ಲ. ಹಾಗಿದ್ದೂ ಊರಿಗೆ ಊರೇ ನಡುಗುತ್ತಿದೆಯಲ್ಲ, ಇದೆಂಥ ಪರೀಕ್ಷೆ ಸ್ವಾಮಿ ಎಂದು ಅವನು ಆಕಾಶದ ಕಡೆ ನೋಡಿದ. ಅವನು ಆಕಾಶ ನೋಡಿದ್ದನ್ನು ನೋಡಿದ ಔಷಧಿ ಅಂಗಡಿಯವನು ಬೇಗನೆ ಬಾಗಿಲೆಳೆದುಕೊಂಡ.

ಆರು ಗಂಟೆಗೆ ವಾರದ ಪ್ರಾರ್ಥನಾಕೂಟ. ಎಂದೂ ಇಪ್ಪತ್ತು ಜನ ಸೇರದಿದ್ದ ಕೂಟಕ್ಕೆ ಅಂದು ನಿಲ್ಲಲು ಜಾಗವಿರಲಿಲ್ಲ. ಪಾಸ್ಟರ್ ಎದ್ದು ನಿಂತರು. ಚರ್ಚಿನ ಬೀಗದ ಕೈಗಳ ಗೊಂಚಲನ್ನು ಕಾರ್ಯದರ್ಶಿಯ ಮುಂದಿಟ್ಟರು. ಯಾರೋ ಬಿಕ್ಕಿದರು.

"ಭಾನುವಾರ ನಾನು ಮಾತಿನ ಬಗ್ಗೆ ನಿಮ್ಮನ್ನೆಲ್ಲ ಹೆದರಿಸಿದೆ" ಎಂದರು ಪಾಸ್ಟರ್. ದನಿ ತಗ್ಗಿತ್ತು, ಆದರೆ ಈ ಸಲ ಬೇಕೆಂದು ತಗ್ಗಿಸಿದ್ದಲ್ಲ. "ಈಗ ನಾನೇ ಉತ್ತರ ಹೇಳೋ ಹೊತ್ತು ಬಂದ ಹಾಗಿದೆ. ಅದಕ್ಕೆ ಮೊದಲು ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ಅವತ್ತು ನಾನು ಹೇಳಿದ ಪ್ರಸಂಗ ದೇವರು ಕೊಟ್ಟಿದ್ದಲ್ಲ. ಶನಿವಾರ ನಮ್ಮ ಅಕ್ಕ ನಾನು ನಿದ್ದೆಯಲ್ಲಿ ಗೊರಕೆ ಹೊಡೀತೀನಿ ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿದ್ಲು. ಆ ಸಿಟ್ಟಿನಲ್ಲಿ ಬರೆದಿದ್ದು."

"ನನ್ನ ಮೇಲಾ?" ಎಂದು ನಾಲ್ಕನೆಯ ಬೆಂಚಿನ ತುದಿಯಿಂದ ಅಕ್ಕ ಎದ್ದರು. "ಸುಳ್ಳೇನೋ ಅದು? ಗೊರಕೆ ಹೊಡೆಯಲ್ವೇನೋ ನೀನು?" ಆಮೇಲೆ ತಮ್ಮ ಸಾಯುತ್ತಿದ್ದಾನೆಂಬುದು ನೆನಪಾಗಿ, "ಹೊಡೆಯಲ್ಲ ಬಿಡಪ್ಪ, ಹೊಡೆಯಲ್ಲ" ಎಂದು ಅತ್ತರು.

ಎಕ್ಸರೇಯಪ್ಪ ಬೆಂಚಿನ ತುದಿಯ ಕಡೆ ತಿರುಗಿ ನೋಡಿದ. ಆ ನೋಟ ತನ್ನ ಮೇಲೆ ಬಿದ್ದದ್ದೇ ಅಲ್ಲ! ಆದರೆ ಆ ಮಾತು ಬಂದು ನಾಟಿದ್ದು ಮಾತ್ರ ಇಲ್ಲೇ, ಮತ್ತು ಅದು ಸುಳ್ಳಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೇ ತಿಳಿಯದಂತೆ ಅವನ ಕಾಲುಗಳು ಎದ್ದು ನಿಂತಿದ್ದವು.

"ಅಯ್ಯನವರೆ" ಎಂದ. ಇಡೀ ಕೋಣೆ ಉಸಿರು ಎಳೆದುಕೊಂಡು ಹಿಡಿದು ನಿಂತಿತು. "ನಾನು ಡಾಕ್ಟರಲ್ಲ. ನನಗೆ ಅರ್ಧಂಬರ್ಧ ಗೊತ್ತು. ನಿಮ್ಮ ಚಿತ್ರದಲ್ಲಿ ನನ್ನ ಕಣ್ಣಿಗೆ ಕೆಟ್ಟದ್ದು ಒಂದೂ ಕಾಣ್ಲಿಲ್ಲ."

"ಕಾಣ್ಲಿಲ್ವಾ?" ಎಂದು ಐವತ್ತು ಜನ ಒಟ್ಟಿಗೆ ಕೂಗಿದರು. ಪಾಸ್ಟರ್ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಮತ್ತೆ ಅವತ್ತೇ ಬೊಗಳೋಕೇನಾಗಿತ್ರೀ!" ಎಂದಳು ಹೆಂಡತಿ.

"ಯಾಕಂದ್ರೆ ಒಂದ್ಸಲ ಹಾಗೆ ಹೇಳಿದ್ದು ತಪ್ಪಾಗಿತ್ತು" ಎಂದ ಎಕ್ಸರೇಯಪ್ಪ. ಎಲ್ಲವನ್ನೂ ಹೇಳಿದ. ಅಂಚೆಯಣ್ಣ ಬಂದದ್ದು, ತಾನು ಸರಿಯಾಗಿ ನೋಡದೆಯೇ ಏನೂ ಇಲ್ಲ ಎಂದದ್ದು, ಅಂಚೆಯಣ್ಣ ಅದನ್ನು ನಂಬಿದ್ದು, ಲಕೋಟೆ ಬೀರುವಿನಲ್ಲೇ ಉಳಿದದ್ದು. "ನಾಲ್ಕು ವರ್ಷ ಯಾರಿಗೂ ಹೇಳ್ಲಿಲ್ಲ. ಆ ಒಂದು ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ಅಯ್ಯನವರೆ. ಅದಕ್ಕೇ ನಿಮಗೆ ಹೇಳೋಕೆ ಹೆದರಿಕೆ ಆಯ್ತು."

ಬಾಗಿಲ ಹತ್ತಿರ ನಿಂತಿದ್ದ ಬಡಗಿ ಪಕ್ಕದವನನ್ನು ಮೆಲ್ಲಗೆ, "ಅಂದ್ರೆ, ಹಲಗೆ ಕುಯ್ಯೋದು ಬೇಡ್ವಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಎಕ್ಸರೇಯಪ್ಪ ಕೂತ. ಹಿಂದಿನ ಬೆಂಚಿನಿಂದ ಯಾರೋ ಅವನ ಭುಜವನ್ನು ಬೆರಳಿನಿಂದ ತಟ್ಟಿದರು. ತಿರುಗಿ ನೋಡಿದರೆ ಅಂಚೆಯಣ್ಣನ ಹೆಂಡತಿ.

"ಅತ್ತಿಗೆ..."

"ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಿಮ್ಮ ಹಿಂದಿನ ಬೆಂಚಿನಲ್ಲೇ ಕೂರ್ತೀನಲ್ಲ, ಯಾಕೆ ಅಂದ್ಕೊಂಡಿದ್ರಿ?" ಎಂದಳು ಆಕೆ. "ನಿಮ್ಮ ಕುತ್ತಿಗೆ ನೋಡೋಕೆ. ನೀವು ಏನಂದಿದ್ರಿ ಅಂತ ಅವರು ಅವತ್ತು ಮನೆಗೆ ಬಂದು ನಗ್ತಾ ಹೇಳಿದ್ರು. ಈ ಮನುಷ್ಯ ಯಾವತ್ತಾದ್ರೂ ಬಾಯಿಬಿಟ್ಟು ಹೇಳ್ತಾನಾ, ನೋಡೇ ಬಿಡೋಣ ಅಂತ ಕೂತಿದ್ದೆ."

ಎಕ್ಸರೇಯಪ್ಪನ ಕುತ್ತಿಗೆ ತಣ್ಣಗೆ ಬೆವೆತಿತು. "ನನ್ನನ್ನ ಕ್ಷಮಿಸಿ ಅತ್ತಿಗೆ."

"ಕ್ಷಮಿಸೋದು ಆಮೇಲೆ ನೋಡೋಣ" ಎಂದಳು. "ನಾಳೆ ಆಸ್ಪತ್ರೆಗೆ ಬರ್ತೀನಿ."

ಗುರುವಾರ ಡಾಕ್ಟರಮ್ಮ ಬಂದರು. ಪಾಸ್ಟರ ಚಿತ್ರ ನೋಡಿ, ಎದೆ ಶುದ್ಧವಾಗಿದೆ, ಕೆಮ್ಮು ಹೊಟ್ಟೆಯ ಹುಳಿಯಿಂದ ಬಂದದ್ದು, ಊಟವಾದ ಕೂಡಲೇ ಮಲಗಬಾರದು ಎಂದು ಬರೆದರು. ಪಾಸ್ಟರ್ ಅದನ್ನು ಮೂರು ಸಲ ಓದಿ, ನಾಲ್ಕನೆಯ ಸಲ ಎಕ್ಸರೇಯಪ್ಪನಿಂದ ಓದಿಸಿ, ಅವನ ಎರಡೂ ಕೈಗಳನ್ನು ಹಿಡಿದು ಏನೋ ಹೇಳಲು ಹೋಗಿ, ಬಹಳ ಯೋಚಿಸಿ, ಏನೂ ಹೇಳದೆ ಹೋದರು.

ಅವರ ಬೆನ್ನಿಗೇ ಅಂಚೆಯಣ್ಣನ ಹೆಂಡತಿ ಕಿಟಕಿಯ ಮುಂದೆ ಬಂದು ನಿಂತಳು. "ಯಾರೂ ತಗೊಂಡು ಹೋಗದೆ ಇರೋ ಲಕೋಟೆಗಳು ಎಷ್ಟಿವೆ?"

ಎಕ್ಸರೇಯಪ್ಪ ಬೀರು ತೆರೆದ. ಅಂದು ಬೆಳಿಗ್ಗೆಯಷ್ಟೇ ಡಾಕ್ಟರಮ್ಮ ಬರೆದ ಬಸ್ ಡ್ರೈವರನದೂ ಸೇರಿ ಏಳಿದ್ದವು.

"ಎತ್ಕೊಳ್ಳಿ. ನಡೀರಿ" ಎಂದಳು ಆಕೆ.

ಡಾಕ್ಟರಮ್ಮನ ಒಪ್ಪಿಗೆ ಪಡೆದು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಇಬ್ಬರೂ ಹೊರಟರು. ಈ ಸವಾರಿಯನ್ನು ನೋಡಿದ ಬೀದಿಯ ಗತಿ ಏನು ಹೇಳಲಿ? ಮುಂದೆ ಎಕ್ಸರೇಯಪ್ಪ, ಕೈಯಲ್ಲಿ ಕಂದು ಲಕೋಟೆ, ಹಿಂದೆ ಕಪ್ಪು ಕೊಡೆ ಹಿಡಿದ ಹೆಂಗಸು. ಮೊದಲ ಮನೆಯಲ್ಲಿ ಬಾಗಿಲು ತೆರೆದ ಮುದುಕಿ ಹಾಗೆಯೇ ಮುಚ್ಚಿಬಿಟ್ಟಳು. ಬಸ್ ಡ್ರೈವರ್ ಮಂಚದ ಕೆಳಗಿನಿಂದ ಹೊರಗೆ ಬರಲೊಪ್ಪಲಿಲ್ಲ. "ಮೂಳೆ ಸರಿಯಿದೆ, ಸೀಟಿಗೆ ದಿಂಬು ಹಾಕ್ಕೋಬೇಕಂತೆ" ಎಂದು ಎಕ್ಸರೇಯಪ್ಪ ನೆಲದ ಮೇಲೆ ಬೋರಲು ಮಲಗಿ ಓದಿ ಹೇಳಬೇಕಾಯಿತು. ಪ್ರತಿ ಬಾಗಿಲಲ್ಲೂ ಅವನು ಮೊದಲ ಮಾತು ಯಾವುದೆಂದು ಬೆವರಿ ಯೋಚಿಸಿದ. ಪ್ರತಿ ಬಾಗಿಲಲ್ಲೂ ಆಕೆ ಹಿಂದಿನಿಂದ ಅವನ ಕುತ್ತಿಗೆ ನೋಡಿದಳು.

ಆರು ಮುಗಿದು ಏಳನೆಯದನ್ನು ತಿರುಗಿಸಿದಾಗ ಎಕ್ಸರೇಯಪ್ಪ ಬೀದಿಯಲ್ಲೇ ನಿಂತುಬಿಟ್ಟ. ಲಕೋಟೆಯ ಮೇಲೆ "ಕೂಡಲೇ ಬಂದು ಕಾಣಿ" ಎಂದು ಕೆಂಪು ಮುದ್ರೆಯಿತ್ತು. ಕೆಳಗೆ ಕಾರ್ಯದರ್ಶಿಯ ಹೆಸರಿತ್ತು. ಮೂರು ವಾರದ ಹಿಂದೆ ಅವರು ಬಂದಿದ್ದರು. ಏನಾದರೂ ಇದೆಯೇ ಎಂದು ಕೇಳಿದ್ದರು. ತಾನು ಏನೆಂದಿದ್ದೆ ಎಂಬುದು ಎಕ್ಸರೇಯಪ್ಪನಿಗೆ ಅಕ್ಷರ ಅಕ್ಷರವೂ ನೆನಪಿತ್ತು.

"ನನ್ನ ಕೈಲಾಗಲ್ಲ ಅತ್ತಿಗೆ" ಎಂದ.

"ಮೂರು ತಿಂಗಳಲ್ಲ, ಮೂರು ವಾರ" ಎಂದಳು ಆಕೆ. "ನಡೀರಿ."

ಕಾರ್ಯದರ್ಶಿ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಕೆಂಪು ಮುದ್ರೆಯನ್ನು ಕಂಡವರೇ ಭೂತಗನ್ನಡಿ ಕಳಚಿ ಕೆಳಗಿಟ್ಟರು. "ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಿತ್ತು. ನೀವೇ ಏನೂ ಇಲ್ಲ ಅಂದಿದ್ರಲ್ಲ ಅಂತ..."

"ನಾನು ನೋಡದೆ ಹೇಳಿದ್ದೆ ಸಾರ್. ತಪ್ಪಾಯ್ತು." ಎಕ್ಸರೇಯಪ್ಪ ಅವರ ಎದುರಿನ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತ. ಲಕೋಟೆ ತೆರೆದು, ಇದ್ದದ್ದನ್ನು ಇದ್ದಂತೆ, ಒಂದು ಮಾತು ಕೂಡಿಸದೆ, ಒಂದು ಮಾತು ಬಿಡದೆ ಓದಿದ. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಮಚ್ಚೆಯಿದೆ. ಕ್ಷಯವಿರಬಹುದು. ಕಫ ಪರೀಕ್ಷೆ ಮಾಡಿಸಬೇಕು, ತಡ ಮಾಡಬಾರದು.

"ವಾಸಿಯಾಗುತ್ತಾ?"

"ಕ್ಷಯವೇ ಆಗಿದ್ರೆ, ಮಾತ್ರೆ ಬಿಡದೆ ನುಂಗಿದೋರಲ್ಲಿ ತುಂಬಾ ಜನಕ್ಕೆ ವಾಸಿಯಾಗಿದ್ದನ್ನ ನಾನು ನೋಡಿದ್ದೀನಿ. ಇದು ನನಗೆ ಗೊತ್ತಿರೋದು. ಮಿಕ್ಕಿದ್ದು ಡಾಕ್ಟರಮ್ಮನಿಗೆ ಗೊತ್ತು. ನಾಳೆ ಬೆಳಿಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಂಚೆಯಣ್ಣನ ಹೆಂಡತಿ ಅಂಗಡಿಯ ಬಾಗಿಲಲ್ಲಿ ಕೊಡೆ ಮಡಿಸಿದಳು. "ನಾಳೆ ನಾನು ಬರೋದು ಬೇಕಾಗಿಲ್ಲ ಅನ್ಸುತ್ತೆ" ಎಂದು ಹೇಳಿ ಮನೆಯ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ಎಕ್ಸರೇಯಪ್ಪ ಕಾರ್ಯದರ್ಶಿಯನ್ನು ಕರೆದುಕೊಂಡು ಆಸ್ಪತ್ರೆಯ ಕಡೆ ಹೆಜ್ಜೆ ಹಾಕಿದ. ಕಾರ್ಯದರ್ಶಿಯ ಕೈ ಅವನ ತೋಳನ್ನು ಹಿಡಿದಿತ್ತು; ಹಿಡಿತ ಹೆಜ್ಜೆ ಹೆಜ್ಜೆಗೂ ಬಿಗಿಯಾಗುತ್ತಿತ್ತು.

"ಏನಾದ್ರೂ ಮಾತಾಡ್ರಿ" ಎಂದರು ಅವರು.

"ಏನು ಮಾತಾಡ್ಲಿ ಸಾರ್?"

"ಏನಾದ್ರೂ. ಸುಮ್ನಿರಬೇಡಿ. ನೀವು ಸುಮ್ನಿದ್ರೆ ನನ್ನ ಎದೆ ಹೊಡ್ಕೊಳ್ಳೋದು ನನಗೇ ಕೇಳಿಸುತ್ತೆ."

ಎಕ್ಸರೇಯಪ್ಪ ಆ ಮುಖ ನೋಡಿದ. ಐದು ದಿನದಿಂದ ಬೀಗ ಬಿದ್ದಿದ್ದ ಬಾಯಿ ಮೊದಲು ಸ್ವಲ್ಪ ತೊದಲಿತು. ಆಮೇಲೆ ಶುರುವಾಯಿತು. ತನ್ನ ಅತ್ತೆ ಕಂಬಳಿಗಳಿಗೆ ಅಂಟಿಸಿದ ಚೀಟಿಗಳೆಲ್ಲ ಉದುರಿ ಈಗ ಯಾರದು ಯಾವುದೆಂದು ಮನೆಯಲ್ಲಿ ಯುದ್ಧವಾಗುತ್ತಿರುವುದು, ಎಡಗಾಲಿನ ಚಪ್ಪಲಿಯೇ ಯಾಕೆ ಮೊದಲು ಸವೆಯುತ್ತದೆ ಎಂಬುದು, ಆಸ್ಪತ್ರೆಯ ಲಿಫ್ಟಿನೊಳಗೆ ಸಿಕ್ಕಿಕೊಂಡ ಒಂದು ಬೆಕ್ಕು ಮಹಡಿ ಮಹಡಿಗೂ ಇಳಿದು ಹತ್ತಿದ್ದು, ಅದನ್ನು ಹಿಡಿಯಲು ಹೋದ ಕಾವಲುಗಾರನೂ ಅದರ ಜೊತೆ ಸಿಕ್ಕಿಕೊಂಡದ್ದು. ಯಾರಿಗೂ ಬೇಡದ, ಯಾವುದಕ್ಕೂ ಬಾರದ ಮಾತುಗಳು. ಅವನು ಒಂದನ್ನೂ ತೂಗಿ ನೋಡಲಿಲ್ಲ. ತೋಳಿನ ಮೇಲಿನ ಹಿಡಿತ ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು.

ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಕಾರ್ಯದರ್ಶಿ ತಿರುಗಿ ನಿಂತರು. "ಬಾಗಿಲು ತೆಗೆದಾಗ ಬೆಕ್ಕು ಏನು ಮಾಡ್ತು?"

"ನೀವು ಹೋಗಿ ಬನ್ನಿ ಸಾರ್. ಬಂದ ಮೇಲೆ ಹೇಳ್ತೀನಿ."

ಬಾಗಿಲು ಮುಚ್ಚಿತು. ಎಕ್ಸರೇಯಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಬೆಕ್ಕು ಏನು ಮಾಡಿತ್ತೆಂದು ಅವನಿಗೆ ಸುತರಾಂ ನೆನಪಿರಲಿಲ್ಲ. ಒಳಗಿರುವ ಮನುಷ್ಯ ಹೊರಗೆ ಬಂದವನೇ ಅದನ್ನೇ ಕೇಳುತ್ತಾನೆ. ಬರುವಾಗ ಅವನ ಮುಖ ಹೇಗಿರುತ್ತದೋ ದೇವರಿಗೇ ಗೊತ್ತು. ಎಕ್ಸರೇಯಪ್ಪ ಕೈಜೋಡಿಸಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಆ ಬೆಕ್ಕಿನ ಬಗ್ಗೆ ಒಂದು ಒಳ್ಳೆಯ ಮಾತಿಗಾಗಿ ಹುಡುಕತೊಡಗಿದ.